ಸೊನ್ನೆ ಅನ್ನು

ನಗಬೇಡಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತೀವಿ. ಅಯಸ್ಕಾಂತದ ಲ್ಯಾಬಿನಲ್ಲಿ ಕೆಲಸ, ದೆವ್ವ ಅಂದರೆ ಬಿದ್ದು ಬಿದ್ದು ನಗುವವಳು. ಆ ರಾತ್ರಿ ಸಂತಾಪ ಸಭೆ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದಳು. ಲ್ಯಾಬಿನ ಹಿಂದೆ ಒಂದು ಹಾಳು ಬಾವಿ... ಅದರ ಪಕ್ಕದಲ್ಲೇ ದಾರಿ.

ಸತ್ತವನು ಅವಳ ಜೊತೆಗೇ ಕೆಲಸ ಮಾಡುತ್ತಿದ್ದ ಹಿರಿಯ. ಅಣ್ಣ ಅಂತಲೇ ಕರೆಯುತ್ತಿದ್ದಳು. ಬೈಕ್ ಜಾರಿ ಹೋಗಿಬಿಟ್ಟ. ಸಭೆಯಲ್ಲಿ ಅತ್ತೂ ಅತ್ತೂ ಇವಳ ಕಣ್ಣು ಊದಿತ್ತು. ಆಗ ಲ್ಯಾಬಿನ ಮುಖ್ಯಸ್ಥರು, "ಇದು ಅವನು ಪ್ರಕಟಿಸಿದ ದೊಡ್ಡ ಶೋಧನೆ" ಅಂತ ಪರದೆ ಮೇಲೆ ಒಂದು ಗ್ರಾಫ್ ತೋರಿಸಿದರು. ಅದು ಪುಟ್ಟಿಯದು.

ಹರಳು ಬೆಳೆಸಿದವಳು ಅವಳು. ಅದರೊಳಗೆ ಪದರ ಪದರವಾಗಿ ಪುಟಾಣಿ ಅಯಸ್ಕಾಂತಗಳು. ಒಂದು ಪದರದ ಮುಖ ಮೇಲಕ್ಕೆ, ಮುಂದಿನದು ಕೆಳಕ್ಕೆ. ಹೊರಗಿನಿಂದ ಕಾಂತಕ್ಷೇತ್ರ ಏರಿಸಿದರೆ ಎಲ್ಲವೂ ಒಂದೇ ಕಡೆ ತಿರುಗುತ್ತವೆ. ಆಗ ಕರೆಂಟು ಒಳಗೆ ಹರಿಯುವುದು ಬಿಟ್ಟು ಅಂಚು ಹಿಡಿದು ಓಡುತ್ತದೆ. ಕ್ಷೇತ್ರ ಇಳಿಸಿದರೆ ಮೊದಲಿನಂತೆ ಆಗಬೇಕು. ಇವಳ ಹರಳು ಆಗಲಿಲ್ಲ. ತಿರುಗಿದ್ದು ತಿರುಗಿಯೇ ಉಳಿಯಿತು!

ಅಲ್ಲಿ ಒಂದು ಪದ್ಧತಿ. ಪ್ಯಾನೆಲ್ ಮುಂದೆ ಕೂತವರು ಕ್ಷೇತ್ರ ಪೂರ್ತಿ ಇಳಿಸಿ "ಸೊನ್ನೆ" ಅಂತ ಕೂಗಬೇಕು. ಇನ್ನೊಬ್ಬರು ತಿರುಗಿ "ಸೊನ್ನೆ" ಅನ್ನುವವರೆಗೂ ಕುರ್ಚಿ ಬಿಟ್ಟು ಏಳುವಂತಿಲ್ಲ. ಅವತ್ತು ಕೂಗಿದವನು ಅಣ್ಣನೇ. ಆಮೇಲೆ ತಲೆ ಕೆರೆದುಕೊಂಡು, "ತಪ್ಪು ಕೂಗಿಬಿಟ್ಟೆ ಪುಟ್ಟಿ. ಕ್ಷೇತ್ರ ಇನ್ನೂ ಸ್ವಲ್ಪ ಉಳಿದಿತ್ತು, ಅದಕ್ಕೇ ಹರಳು ಹಾಗೇ ಉಳೀತು. ಬಿಟ್ಹಾಕು," ಅಂದ. ಕಣ್ಣು ಮುಚ್ಚಿ ನಂಬಿದಳು. ಬಿಟ್ಟುಹಾಕಿದಳು. ಅವನು ಬಿಟ್ಟಿರಲಿಲ್ಲ.

ಸತ್ತವನ ಕೊರಳಪಟ್ಟಿ ಹಿಡಿದು ಕೇಳುವುದಾದರೂ ಹೇಗೆ? ಅವನಿಗಾಗಿ ಸುರಿಸಿದ ಕಣ್ಣೀರು ನೆನೆದೇ ಅವಳ ಹೊಟ್ಟೆ ಉರಿಯುತ್ತಿತ್ತು.

ಬಾವಿ ಹತ್ತಿರ ಬಂತು...

ಚುಕ್... ಶ್ಶ್... ಚುಕ್... ಶ್ಶ್...

ಹರಳನ್ನು ತಣ್ಣಗಿಡುವ ಪಂಪಿನ ಸದ್ದು. ಲ್ಯಾಬಿನಿಂದ ಅಲ್ಲ. ಬಾವಿಯೊಳಗಿಂದ. ಅವಳು ನಿಂತಳು. ಅದೂ ನಿಂತಿತು.

"ಸೊನ್ನೆ."

ಪಿಸುದನಿ. ಅಣ್ಣನದೇ. ಅಭ್ಯಾಸಬಲ ನೋಡಿ, ಉತ್ತರ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದಳು.

"ಅವತ್ತು ಸೊನ್ನೆ ಆಗಿತ್ತಾ, ಇಲ್ವಾ?"

ಚುಕ್... ಶ್ಶ್...

"ಆಗಿತ್ತು."

"ಮತ್ತೆ ನಂಗ್ಯಾಕೆ ಹಾಗಂದೆ?"

"ಸೊನ್ನೆ ಅನ್ನು ಪುಟ್ಟಿ. ಎದ್ದು ಹೋಗ್ತೀನಿ."

ಒಂದೇ ಒಂದು ಮಾತು, ಅಂದುಬಿಟ್ಟಿದ್ದರೆ ಅವನಿಗೆ ಬಿಡುಗಡೆ. ಆದರೆ ತಪ್ಪಾಯ್ತು ಅಂತ ಅವನು ಸತ್ತ ಮೇಲೂ ಅನ್ನಲಿಲ್ಲವಲ್ಲ!

"ಅನ್ನಲ್ಲ ಅಣ್ಣ. ಅಲ್ಲೇ ಕೂತಿರು."

ತಿರುಗಿ ನೋಡದೆ ಮನೆ ಸೇರಿದಳು.

ಬೆಳಿಗ್ಗೆ ಚಿಕ್ಕಮ್ಮ ಗುಂಡಿ ಹೊಲಿಯಲು ಸೂಜಿ ಡಬ್ಬಿ ತೆರೆದರು. ಸೂಜಿಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಿ ಮೇಜಿನ ಮೇಲೆ ಹರಡಿದವನು ನಾನೇ, ನನ್ನ ಬೆರಳಿಗೇ ಚುಚ್ಚಿದ್ದು. ನಂಬಿ, ಬಿಡಿ. ಮೊನೆಗಳೆಲ್ಲ ಬಾವಿಯ ಕಡೆಗಿದ್ದವು. ಬೇರೆ ಕಡೆ ತಿರುಗಿಸಿಟ್ಟೆ. ಚಿಕ್ಕಮ್ಮ ನೋಡುತ್ತಿದ್ದಂತೆಯೇ ಒಂದೊಂದಾಗಿ ಮತ್ತೆ ಅತ್ತಲೇ ತಿರುಗಿದವು.