ಕೆಚ್ಚಲು ಗವಿಯಲ್ಲಿ ಉಳಿದ ಕಲ್ಲು

ಕರೆಂಟು ಬರುವವರೆಗೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ. ಯಾರಿಗೋ ಆದದ್ದಲ್ಲ ಇದು, ನನ್ನ ಚಿಕ್ಕಪ್ಪನ ಮಗ ಬೋರಲಿಂಗಯ್ಯನಿಗೆ ಆದದ್ದು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಅವಕ್ಕೆಲ್ಲ ಜಲ್ಲಿ ಬೇಕಿತ್ತಲ್ಲ...

ಆವತ್ತು ಭಾನುವಾರ. ಗವಿ ನೋಡಲು ಬಂದ ಕೊನೆಯ ಗುಂಪನ್ನು ಕಳಿಸಿ ಬೋರಲಿಂಗಯ್ಯ ಕತ್ತಲಲ್ಲಿ ಒಬ್ಬನೇ ಮನೆಗೆ ಬರುತ್ತಿದ್ದ. ಆಲದ ಮರದ ಕೆಳಗಿನ ಬಾವಿ ದಾಟಿದ. ದಾಟಿದವನು ಅಲ್ಲೇ ನಿಂತುಬಿಟ್ಟ.

ಬಂಡೆಯ ಮೇಲೆ ಒಂದು ಕಲ್ಲು ಉಳಿದಿತ್ತಲ್ಲ...

ಉಳಿದರೆ ಏನಾಯಿತು ಅನ್ನುತ್ತೀರಿ. ನಮ್ಮ ಕಡೆಯ ಕಟ್ಟಲೆ ನಿಮಗೆ ಗೊತ್ತಿಲ್ಲ. ಗವಿಯ ಬಾಯಲ್ಲಿ ಒಂದು ಚಪ್ಪಟೆ ಬಂಡೆ. ಒಳಗೆ ಹೋಗುವವರು ತಲೆಗೊಂದು ಕಲ್ಲು ಅದರ ಮೇಲೆ ಇಟ್ಟು ಹೋಗಬೇಕು. ಹೊರಗೆ ಬಂದಮೇಲೆ ತಮ್ಮ ಕಲ್ಲನ್ನು ತಾವೇ ಎತ್ತಿಕೊಂಡು, ದಾರಿಯಲ್ಲಿ ಈ ಬಾವಿಗೆ ಹಾಕಬೇಕು. ದುಬುಕ್ ಎಂದರೆ ಲೆಕ್ಕ ಚುಕ್ತಾ. ಬಂಡೆಯ ಮೇಲೆ ಕಲ್ಲು ಉಳಿದರೆ ಒಳಗೆ ಒಂದು ಜೀವ ಉಳಿದಿದೆ ಎಂದೇ ಅರ್ಥ. ಇನ್ನೊಬ್ಬರ ಕಲ್ಲನ್ನು ಯಾರೂ ಮುಟ್ಟುವ ಹಾಗಿಲ್ಲ.

ಆ ವರ್ಷ ಬಾವಿಯಲ್ಲಿ ದುಬುಕ್ ಅನ್ನುವುದೂ ನಿಂತಿತ್ತು. ಜಲ್ಲಿ ಕ್ರಷರಿನವರು ಕಲ್ಲುಪುಡಿ ತಂದು ಸುರಿದು ಸುರಿದು ಬಾವಿ ಬಾಯಿಮಟ್ಟ ತುಂಬಿತ್ತು. ಮಳೆ ಬಿದ್ದು ಗಾರೆ ಹಾಕಿದ ನೆಲದ ಹಾಗೆ ಗಟ್ಟಿಯಾಗಿತ್ತು. ಕಲ್ಲು ಹಾಕಿದರೆ ಟಪ್... ಅಷ್ಟೇ.

ಗವಿ ಇದ್ದದ್ದು ಸೋಲೂರಿನಿಂದ ಮಾಗಡಿಗೆ ಹೋಗುವಾಗ ಒಳಕ್ಕೆ ಸಿಗುವ ಒಂದು ಗುಡ್ಡದಲ್ಲಿ. ಈ ಶಹಾಬಾದಿನಲ್ಲಾದರೆ ಕಾಲಿಟ್ಟಲ್ಲೆಲ್ಲ ಸುಣ್ಣದ ಕಲ್ಲು, ನೀವು ಕೂತಿರುವ ನೆಲವೂ ಅದೇ. ನಮ್ಮ ಕಡೆ ಹಾಗಲ್ಲ, ಬರೀ ಕರಿಬಂಡೆ. ಆದರೂ ಆ ಗವಿಯೊಳಗೆ ಸುಣ್ಣ ಇಳಿಯುತ್ತಿತ್ತು. ಗುಡ್ಡದ ಮೇಲಿನ ಮಣ್ಣಿನಲ್ಲಿ ಸುಣ್ಣದ ಹರಳಿದೆಯಂತೆ. ಮಳೆನೀರು ಅದನ್ನು ಕರಗಿಸಿಕೊಂಡು ಬಿರುಕಿನಲ್ಲಿ ಇಳಿದು, ಮೇಲಿನ ಬಂಡೆಯಿಂದ ಹಸುವಿನ ಕೆಚ್ಚಲಿನ ಹಾಗೆ ಜೋತು ಗಟ್ಟಿಯಾಗಿತ್ತು. ನಾಲ್ಕು ಮೊಲೆ. ಹನಿಯುತ್ತಿದ್ದದ್ದು ಒಂದೇ ಮೊಲೆ. ತೊಟ್... ಮರೆತೇಹೋಯಿತು ಅನ್ನುವಾಗ ಮತ್ತೆ ತೊಟ್. ಉಗುರಿನಷ್ಟು ಬೆಳೆಯಲು ಎಷ್ಟೋ ತಲೆಮಾರು ಬೇಕು ಎಂದು ಕಾಲೇಜು ಮೇಷ್ಟ್ರೊಬ್ಬರು ಹೇಳಿದ್ದರು. ಹಸು ಕರು ಹಾಕಿದರೆ ನಮ್ಮ ಊರಿನವರು ಗಿಣ್ಣುಹಾಲು ತಂದು ಅದರ ಕೆಳಗೆ ಸುರಿಯುತ್ತಿದ್ದರು. ಬ್ಯಾಟರಿ ಹಿಡಿದು ಬಂದವರಿಗೆ ಇದನ್ನೆಲ್ಲ ತೋರಿಸುವುದೇ ಬೋರಲಿಂಗಯ್ಯನ ಕೆಲಸ.

ಹಿಂದೆ ಯಾವುದೋ ದಂಡು ಬಂದಾಗ ಊರಿಗೆ ಊರೇ ದನ ಕರು ಹೊಡೆದುಕೊಂಡು ಅಲ್ಲಿ ಅವಿತಿತ್ತಂತೆ. ದಂಡು ಹೋದಮೇಲೆ ಎಲ್ಲರೂ ಹೊರಗೆ ಬಂದರು. ಒಬ್ಬಾಕೆ ಮಾತ್ರ ಕರು ಹಿಂದೆ ಉಳಿಯಿತು ಎಂದು ಮತ್ತೆ ಒಳಗೆ ಹೋದಳು. ಉಳಿದವರು ಅವಳಿಗಾಗಿ ಕಾಯಲಿಲ್ಲ... ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ.

ಬೋರಲಿಂಗಯ್ಯ ವಾಪಸು ಗುಡ್ಡ ಹತ್ತಿದ. ಕಲ್ಲು ಅಲ್ಲೇ ಇತ್ತು. ಬ್ಯಾಟರಿ ಬಿಟ್ಟು ನೋಡಿದ. ದಾರಿಯಲ್ಲಿ ಸಿಗುವ ಕಲ್ಲಲ್ಲ. ಮೈಯೆಲ್ಲ ಬಿಳೀ ಸುಣ್ಣ ಕಟ್ಟಿತ್ತು, ಉಗುರಿನಷ್ಟು ದಪ್ಪ. ಗವಿಯೊಳಗೆ ತಲೆ ಹಾಕಿ ಕರೆದ.

"ಯಾರದು ಒಳಗೆ?"

ಬಾವಲಿಗಳು ಪಟಪಟ ಎಂದವು. ಆಮೇಲೆ, ತೀರಾ ಒಳಗಿನಿಂದ, ಹೆಂಗಸಿನ ಪಿಸುದನಿ.

"ಬತ್ತೀನಿ ಕಣಪ್ಪಾ... ಒಸಿ ತಡಿ."

ಅವನು ಒಳಗೆ ಹೋದ. ಕೊನೆಯ ಇರುಕಿನವರೆಗೂ ಹುಡುಕಿದ. ಯಾರೂ ಇಲ್ಲ. ಹೊರಗೆ ಬಂದು ಕರೆದ. ಮತ್ತೆ ಅದೇ... "ಒಸಿ ತಡಿ."

ಮಾರನೆಯ ದಿನವೂ ಹಾಗೇ ಆಯಿತು. ಕಾಯಲು ಅವನಿಗೆ ಬೇಸರವಿರಲಿಲ್ಲ, ಆದರೆ ದಿನ ಉಳಿದಿರಲಿಲ್ಲ. ಗುಡ್ಡವನ್ನು ಕ್ವಾರಿಗೆ ಕೊಟ್ಟಾಗಿತ್ತು. ಗವಿಯ ನೆತ್ತಿಯ ಮೇಲೆ ಡರ್ರ್... ಡರ್ರ್... ಎಂದು ಕುಳಿ ಹೊಡೆಯುತ್ತಿದ್ದರು. ಗುರುವಾರ ಬೆಳಗ್ಗೆ ಸಿಡಿಮದ್ದು ಇಡುವುದೆಂದು ಗೊತ್ತಾಗಿತ್ತು.

ಸ್ಟೇಷನ್ನಿಗೆ ಹೋದ. "ಕಾಣೆಯಾಗಿರೋದು ಯಾರು? ಹೆಸರೇಳಯ್ಯ" ಅಂದರು. ಗೊತ್ತಿಲ್ಲ ಎಂದ. "ಹೆಸರು ತಿಳ್ಕೊಂಡು ಬಾ" ಎಂದು ಕಳಿಸಿದರು. ಅದನ್ನೇ ತಿಳಿದುಕೊಳ್ಳಲು ಹೋಗಿ ಗವಿಯ ಬಾಯಲ್ಲಿ "ನಿನ್ ಹೆಸರೇನವ್ವಾ?" ಎಂದು ಕೂಗಿದ. "ಒಸಿ ತಡಿ" ಎಂದಿತು. ಅವನಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ.

ಕ್ವಾರಿಯ ಸೂಪರ್‌ವೈಸರ್ ನಟರಾಜುವನ್ನು ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡು ಕರೆತಂದ. ನಟರಾಜು ಬಂದು ಕಿವಿಗೊಟ್ಟ. ತೊಟ್... ಮತ್ತೆ ತೊಟ್. ಬೇರೇನೂ ಇಲ್ಲ.

"ಏನಯ್ಯಾ ಬೋರಲಿಂಗಯ್ಯ, ಗವಿ ಹೋದ್ರೆ ನಿನ್ ಸಂಪಾದ್ನೆ ಹೋಯ್ತದೆ ಅಂತ ದೆವ್ವ ಇಟ್ಕೊಂಡಿದ್ದೀಯಾ?"

"ಸಾ, ನಂಗೆ ಗವಿ ಬ್ಯಾಡ. ಒಳಗಿರೋರು ಈಚೆಗೆ ಬಂದ್ಬುಡ್ಲಿ, ಆಮ್ಯಾಕೆ ನೀವು ಪುಡಿ ಮಾಡ್ಕಳಿ."

"ನಿನ್ ದೆವ್ವಕ್ಕೂ ಒಂದು ನೋಟೀಸ್ ಕೊಡ್ಲಾ?"

ಜೊತೆಯವರು ನಕ್ಕರು. ಅವರು ಇಳಿದು ಹೋದ ಮೇಲೆ ಒಳಗಿನಿಂದ ಬಂತು... "ಬತ್ತೀನಿ."

ಬೋರಲಿಂಗಯ್ಯ ಚಪ್ಪಲಿ ಬಿಚ್ಚಿ ನೆಲಕ್ಕೆ ಬಡಿದನಂತೆ. ಯಾರ ಮೇಲಿನ ಸಿಟ್ಟೋ ಅವನಿಗೇ ಗೊತ್ತಿರಲಿಲ್ಲ.

ಬುಧವಾರ ರಾತ್ರಿ ಅವನು ಊಟಕ್ಕೂ ಮನೆಗೆ ಬರಲಿಲ್ಲ. ಹೆಂಡತಿ ಕಾವೇರಮ್ಮ ಬುತ್ತಿ ಹಿಡಿದು ಗುಡ್ಡ ಹತ್ತಿದಳು. ಹಸು ಕರೆದು, ಡೈರಿಗೆ ಹಾಲು ಹಾಕಿ, ಮೈ ನೋಯಿಸಿಕೊಂಡು ಬಂದವಳು.

"ಆ ಕಲ್ಲ ಎತ್ತಿ ಬಾವಿಗೆ ಬಿಸಾಕ್ಬುಡಿ, ತೀರೋಯ್ತು."

"ಅವ್ರ ಕಲ್ಲ ನಾನು ಮುಟ್ಟಾದಾ?"

"ಹಂಗಾದ್ರೆ ಸರ್ಕಳಿ. ನಿಮಗೆ ಕರೆಯಾಕೂ ಬರಾಕಿಲ್ಲ."

ಅವಳು ಗವಿಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಪಕ್ಕದ ಮನೆಯವಳನ್ನು ಹಿತ್ತಲಿಂದ ಕರೆಯುವ ಹಾಗೆ, ಮೆಲ್ಲಗೆ ಕೇಳಿದಳು.

"ಯಾಕವ್ವಾ ತಡ?"

ತೊಟ್... ಮತ್ತೆ ತೊಟ್.

"ಕರ ಕುಡೀತಾ ಐತೆ..."

ಕಾವೇರಮ್ಮನ ಕೈಯಿಂದ ಬುತ್ತಿ ಜಾರಿತು. ಆದರೂ ಅವಳು ಏಳಲಿಲ್ಲ.

"ಒಂದೊಂದೇ ತೊಟ್ಟು ಬೀಳ್ತೈತೆ. ಇನ್ನೂ ಹೊಟ್ಟೆ ತುಂಬಿಲ್ಲ ಕಣವ್ವಾ."

"ತುಂಬಾಕಿಲ್ಲ ಕಣವ್ವಾ ಅದು," ಎಂದಳು ಕಾವೇರಮ್ಮ. "ನಾಳೆ ಬಂಡೆ ಸಿಡಿಸ್ತಾರೆ. ಕರಾನೂ ಹೊಡ್ಕಂಡು ಬಂದ್ಬುಡು. ನಮ್ಮನೇಲಿ ಹಸ ಐತೆ."

ಒಳಗಿನ ದನಿ ಈ ಸಲ ಒಸಿ ತಡಿ ಎಂದೂ ಅನ್ನಲಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗಾಗುವವರೆಗೆ ಅಲ್ಲೇ ಕೂತಿದ್ದರು. ಯಾರೂ ಹೊರಗೆ ಬರಲಿಲ್ಲ. ಕಲ್ಲು ಇದ್ದ ಹಾಗೇ ಇತ್ತು.

ಬೆಳಗ್ಗೆ ಕ್ವಾರಿಯವರು ಬಂದು ಇಬ್ಬರನ್ನೂ ಕೆಳಗಿಳಿಸಿ ಕೆಂಪು ಬಾವುಟ ಕಟ್ಟಿದರು. ಸೀಟಿ ಊದಿದರು. ಬೋರಲಿಂಗಯ್ಯ ಜನರನ್ನು ತಳ್ಳಿಕೊಂಡು ಗವಿಯತ್ತ ಓಡಿದ. ನಟರಾಜು ಅಟ್ಟಿಸಿಕೊಂಡು ಹೋಗಿ ಕೊರಳಪಟ್ಟಿ ಹಿಡಿದು ಎಳೆತಂದ. ಎಳೆಯುವಾಗಲೂ ಅವನ ಕಣ್ಣು ಬಂಡೆಯ ಮೇಲೇ ಇತ್ತು. ಕಲ್ಲು ಅಲ್ಲೇ ಇತ್ತು. ಇದನ್ನು ಅವನು ನನ್ನ ತಲೆಮೇಲೆ ಕೈಯಿಟ್ಟು ಹೇಳಿದ್ದಾನೆ.

ಢಮ್... ಆಮೇಲೆ ಬಂಡೆಗಳು ಉರುಳುವ ಗುಡುಗುಡು. ಆಮೇಲೆ ಧೂಳು.

ಧೂಳು ಇಳಿದಾಗ ಗವಿ ಇರಲಿಲ್ಲ. ಕೆಚ್ಚಲೂ ಇರಲಿಲ್ಲ. ಜೆಸಿಬಿ ದಿನವೆಲ್ಲ ಬಗೆಯಿತು. ಒಂದು ಮೂಳೆ ಸಿಗಲಿಲ್ಲ, ಒಂದು ಬಟ್ಟೆಚೂರು ಸಿಗಲಿಲ್ಲ.

"ಎಲ್ಲಯ್ಯಾ ನಿನ್ ದೆವ್ವ?" ಎಂದ ನಟರಾಜು.

ಬೋರಲಿಂಗಯ್ಯ ಚೂರುಗಳ ನಡುವೆ ಆ ಬಿಳೀ ಕಲ್ಲು ಹುಡುಕಿದ, ಅದೂ ಸಿಗಲಿಲ್ಲ.

ಕತ್ತಲಾದ ಮೇಲೆ ಗಂಡ ಹೆಂಡತಿ ಇಳಿದು ಬಂದರು. ಆಲದ ಮರದ ಕೆಳಗೆ ಬಾವಿ ದಾಟಿದರು... ಬೆನ್ನ ಹಿಂದೆ ಸದ್ದಾಯಿತು.

ದುಬುಕ್.

ಟಪ್ ಅಲ್ಲ. ದುಬುಕ್. ಆಳದಲ್ಲಿ, ತುಂಬಿದ ನೀರಿಗೆ ಕಲ್ಲು ಬಿದ್ದ ಸದ್ದು. ಬ್ಯಾಟರಿ ಬಿಟ್ಟರು. ಪುಡಿ ಗಟ್ಟಿಯಾಗಿಯೇ ಇತ್ತು, ಒಂದು ಬಿರುಕು ಕೂಡ ಬಿಟ್ಟಿರಲಿಲ್ಲ. ಅದರ ಮೇಲೆ ಕರುವಿನ ಗೊರಸಿನ ಗುರುತು, ಒದ್ದೆ. ಪಕ್ಕದಲ್ಲಿ ಹೆಂಗಸಿನ ಹೆಜ್ಜೆ ಇದೆಯಾ ಎಂದು ಬೋರಲಿಂಗಯ್ಯ ಬಗ್ಗಿ ಬಗ್ಗಿ ಹುಡುಕಿದ. ಕಾಣಲಿಲ್ಲ.

"ಇಷ್ಟು ದಿನ ಕಾಯಿಸಿದೋಳು," ಎಂದ, "ಹೋಯ್ತೀನಿ ಅಂತ ಒಂದ್ ಮಾತು ಹೇಳಿ ಹೋಗ್ಬಾರ್ದಿತ್ತಾ?"

ಕಾವೇರಮ್ಮ ಅವನ ಕೈ ಹಿಡಿದು ಎಳೆದುಕೊಂಡು ಬಂದಳು.

ಬೇಕಾದರೆ ನೀವೂ ನಗಿ. ನಟರಾಜು ಇವತ್ತಿಗೂ ನಗುತ್ತಾನಂತೆ. ಬೋರಲಿಂಗಯ್ಯ ಚಿಕ್ಕಂದಿನಿಂದ ಮಾತಿಗೆ ಬಣ್ಣ ಹಚ್ಚುವವನು, ಒಪ್ಪಿಕೊಳ್ಳುತ್ತೇನೆ. ಕಾವೇರಮ್ಮ ಅಂಥವಳಲ್ಲ. ಆಮೇಲೆ ಆದದ್ದನ್ನು ಅವಳೇ ನನಗೆ ಹೇಳಿದ್ದು, ಒಲೆಯ ಮುಂದೆ ಕೂತು, ದನಿ ಏರಿಸದೆ.

ಶುಕ್ರವಾರ ಬೆಳಗ್ಗೆ ಅವಳು ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳು. ಆಗ ಅವರ ಹಸುವಿಗೆ ಕರುವಿರಲಿಲ್ಲ, ಅದನ್ನು ಮಾರಿ ಬಹಳ ದಿನವಾಗಿತ್ತು. ಕೆಚ್ಚಲಿನಲ್ಲಿ ಮೂರು ಮೊಲೆ ತುಂಬಿ ಬಿಗಿದಿದ್ದವು. ನಾಲ್ಕನೆಯದು ಬರಿದಾಗಿತ್ತು. ಅದರ ತುದಿಯಲ್ಲಿ ಇನ್ನೂ ನೊರೆ ಇತ್ತು.