ಮುನ್ನೂರಿಪ್ಪತ್ತು ಗ್ರಾಂ

ನಮ್ಮ ಮನೆತನದ ಗಂಡಸರು ಮೂರು ತಲೆಮಾರಿನಿಂದ ತೂಕ, ಅಳತೆಯ ಪರೀಕ್ಷಕರು. ತಾತನ ಮುದ್ರೆ ಬೀಳದೆ ಊರಿನ ಯಾವ ಅಂಗಡಿಯವನೂ ತಕ್ಕಡಿ ಎತ್ತುತ್ತಿರಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕೂಡ ಹಿಟ್ಟು ತೂಗಲು ನಮ್ಮ ತಕ್ಕಡಿಯನ್ನೇ ತರಿಸುತ್ತಿದ್ದರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಈ ಸಂಗತಿಯಲ್ಲಿ ಗ್ರಾಮಿನ ಲೆಕ್ಕವೇ ಮುಖ್ಯ. ದೀಪ ಸ್ವಲ್ಪ ತಗ್ಗಿಸಿ. ನಡುವೆ ಯಾರೂ ಮಾತಾಡಬಾರದು.

ನನ್ನ ಚಿಕ್ಕಮ್ಮನ ಮಗಳ ಗಂಡ ಡ್ರಾಯಿಂಗ್ ಮೇಷ್ಟ್ರು. ಪ್ರತಿ ವಸಂತದಲ್ಲೂ ಮೂರು ದಿನ ಬೆಟ್ಟ ಹತ್ತುವ ಹುಚ್ಚು. ಹೊರಡುವ ಮುನ್ನ ತಂಗಿ ಅವನ ಬೆನ್ನುಚೀಲವನ್ನು ತಾತನ ಕೊಕ್ಕೆ ತಕ್ಕಡಿಗೆ ನೇತುಹಾಕುವಳು. ಒಂಬತ್ತು ಕಿಲೋ, ಅದಕ್ಕಿಂತ ಒಂದು ಗ್ರಾಂ ಹೆಚ್ಚಿರಕೂಡದು. ನಿಮ್ಮ ಮನೇಲಿ ನಗೂನೂ ತೂಗಿ ನಗ್ತೀರಿ ಎಂದು ಅವನು ರೇಗಿಸುತ್ತಿದ್ದ. ಹೋದ ವರ್ಷ ಮುನ್ನೂರಿಪ್ಪತ್ತು ಗ್ರಾಂ ಹೆಚ್ಚಾಯಿತು. ಅವಳು ಉಣ್ಣೆಯ ಸ್ವೆಟರ್ ತೆಗೆದಿಟ್ಟಳು. ವಸಂತದಲ್ಲಿ ಎಲ್ಲಿಯ ಚಳಿ?

ಎರಡನೆಯ ರಾತ್ರಿ ಹಿಮ ಬಿತ್ತು... ಅವನನ್ನು ಕೆಳಗೆ ಹೊತ್ತು ತಂದಾಗ ಎರಡೂ ಕೈ ಎದೆಗೆ ಕಟ್ಟಿಕೊಂಡೇ ಇದ್ದ.

ಈ ವರ್ಷ ತಾನೇ ಹೋಗುತ್ತೇನೆಂದಳು. ಬೆಟ್ಟದ ಮೇಲೆ ಅವನು ಕೊನೆಯ ರಾತ್ರಿ ಮಲಗಿದ್ದ ಜಾಗಕ್ಕೆ ಸ್ವೆಟರ್ ಒಯ್ಯಬೇಕಂತೆ. ಸತ್ತವರಿಗೆ ಏನು ಚಳಿ ಎಂದು ಗದರಿದೆ. ಕೇಳಲಿಲ್ಲ. ನನ್ನ ಕಣ್ಣೆದುರೇ ಅದನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಹೊದಿಕೆ, ಸ್ಟೌವ್, ಟಾರ್ಚು ತುಂಬಿ ತೂಗಿದಳು. ಸರಿಯಾಗಿ ಒಂಬತ್ತು ಕಿಲೋ. ಪಟ್ಟಿ ಬಿಗಿದು, ರಿಪೇರಿಗೆ ಕೊಟ್ಟಿದ್ದ ಬೂಟು ತರಲು ಹೋದಳು.

ವಾಪಸು ಬರುವಾಗ ಕತ್ತಲಾಗಿತ್ತು. ಹಳೇ ಬಾವಿ ದಾಟುವಾಗ ಹಿಂದೆ ಸದ್ದು... ಕರಕ್, ಕರಕ್. ಹಿಮದ ಮೇಲೆ ಕಾಲಿಟ್ಟ ಹಾಗೆ. ಬೀದಿಯಲ್ಲಿ ಇದ್ದದ್ದು ಒಣ ಚಪ್ಪಡಿ ಕಲ್ಲು. ಅವಳು ನಿಂತಳು. ಅದೂ ನಿಂತಿತು. ಆಮೇಲೆ ಹಲ್ಲು ಕಟಕಟನೆ ಕಡಿಯುವ ಸದ್ದು... ಅವಳ ಹಲ್ಲಲ್ಲ.

"ಸ್ವೆಟರ್ ಇಟ್ಯಾ?"

"ಇಟ್ಟಿದೀನಿ... ತಳದಲ್ಲಿ."

"ಭಾರ ಆಗಲ್ವಾ?"

"ಆದ್ರೆ ಆಗ್ಲಿ ರೀ."

ಅವಳು ತಿರುಗಿ ನೋಡಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಪಿಸುಗುಟ್ಟಿ, ನನ್ನ ಪಕ್ಕದಲ್ಲೇ ಮಲಗಿದಳು. ಬಾಗಿಲಿನ ಚಿಲಕ ನಾನೇ ಹಾಕಿದ್ದೆ.

ಬೆಳಿಗ್ಗೆ ಚೀಲ ಎತ್ತಿದವಳು ಹಾಗೇ ನಿಂತುಬಿಟ್ಟಳು. ನಾನು ಕೊಕ್ಕೆಗೆ ಹಾಕಿ ನೋಡಿದೆ. ಎಂಟು ಕಿಲೋ ಆರುನೂರ ಎಂಬತ್ತು. ಪಟ್ಟಿಗಳು ಬಿಗಿದದ್ದು ಬಿಗಿದ ಹಾಗೇ ಇದ್ದವು. ತಳದಲ್ಲಿ ಸ್ವೆಟರ್ ಇರಲಿಲ್ಲ.

ತಂಗಿ ಅಂದು ವರ್ಷದಲ್ಲಿ ಮೊದಲ ಸಲ ಅತ್ತಳು. "ಹಾಕ್ಕೊಂಡ್ರು ಅಕ್ಕಾ," ಎಂದಳು.

ಬೆಟ್ಟಕ್ಕೆ ಹೋಗಲಿಲ್ಲ. ಬೂಟು ಇನ್ನೂ ಚಮ್ಮಾರ ಸುತ್ತಿಕೊಟ್ಟ ಕಾಗದದಲ್ಲೇ ಇದೆ.

ಎದುರುಮನೆಯ ಡಾಕ್ಟರು, ತಕ್ಕಡಿಗೂ ವಯಸ್ಸಾಯಿತು, ಅಕ್ಕತಂಗಿಯರಿಗೂ ಆಯಿತು ಎಂದು ನಾಲ್ಕು ಜನರೆದುರು ನಕ್ಕರು. ಅಂದೇ ಮುದ್ರೆಯೊತ್ತಿದ ತೂಕದ ಕಲ್ಲುಗಳನ್ನಿಟ್ಟು ತಕ್ಕಡಿಯನ್ನು ಪರೀಕ್ಷಿಸಿದೆ. ಒಂದು ಗ್ರಾಂ ತಪ್ಪಿಲ್ಲ. ನಡೆದದ್ದು ನಾನು ಹೇಳಿದ ಹಾಗೆಯೇ. ಡಾಕ್ಟರು ಇಲ್ಲೇ ಕೂತಿದ್ದಾರೆ. ಅವರು ನನ್ನ ತಂಗಿಯ ಕ್ಷಮೆ ಕೇಳಬೇಕು. ಈಗಲೇ.