ಬಾರೆಂಟ್ಸ್ ಸಮುದ್ರದ ತಳ ಎದ್ದಿದ್ದು ಯಾವಾಗ?

…ಟೈಪಿಂಗ್ ಮಿಸ್ಟೇಕ್? ಆಫೀಸಿನ ಮೀಟಿಂಗಿನಾಗ ಅಷ್ಟೂ ಮಂದಿ ಮುಂದ ಹಂಗಂದ್ರಿ? 'ಮನ್ಯಾಗ ನನ್ನ ಹೆಂಡ್ತಿ ಟೈಪ್ ಮಾಡ್ತಾಳ, ಆಕೀದಽ ತಪ್ಪು' ಅಂತ? ಇನ್ನೊಮ್ಮೆ ಅನ್ರಿ ನೋಡೋಣು! ಬೂಟು ಆಮ್ಯಾಲೆ ಕಳೀರಿ, ಮೊದಲು ಅನ್ರಿ!

ಟೈಪ್ ಮಾಡ್ತಾಳಂತ, ಟೈಪ್! ಧಾರವಾಡದಾಗ ಜಿಯಾಲಜಿ ಎಂಎಸ್ಸಿ ಮಾಡಿದಾಕಿ ನಾನು. ನೀವು ಕಂಪ್ಯೂಟರ್ ಎಂಜಿನಿಯರ್. ಕಲ್ಲಿಗೂ ನಿಮಗೂ ಏನ್ರಿ ಸಂಬಂಧ? ನಿಮಗ ಈ ಜರ್ಮನಿಯವರ ಗ್ರೀನ್ ಕಾರ್ಡ್ ಸಿಕ್ತು, ನನ್ನ ಪಾಸ್‌ಪೋರ್ಟಿಗೆ 'ಕೆಲಸ ಮಾಡೂಹಂಗಿಲ್ಲ' ಅಂತ ಠಸ್ಸೆ ಬಿತ್ತು. ಬರ್ಲಿನ್‌ಗೆ ಬಂದು ಹತ್ತು ತಿಂಗಳಾತು. ನಿಮ್ಮ ಎಣ್ಣಿ ಹುಡುಕೋ ಕಂಪನಿ ಕೊಟ್ಟ ನಕ್ಷೆಗಳನ್ನ ಯಾರು ಓದಿದ್ರು? ಇದಽ ಅಡಿಗಿಮನಿ ಟೇಬಲ್ ಮ್ಯಾಲೆ, ಬ್ಯಾಳಿ ಕುದಿಯಾಕ ಇಟ್ಟು, ಯಾರು ಕುಂತು ಬರದ್ರು? ರಿಪೋರ್ಟಿನ ಮ್ಯಾಲೆ ಮಾತ್ರ ಸಿದ್ದಲಿಂಗೇಶ, ದಪ್ಪ ಅಕ್ಷರದಾಗ! ಪ್ರೇಮಕುಮಾರಿ ಎಲ್ಲ್ಯದಾಳ್ರಿ? ಯಾಕ ತಲಿ ಕೆಳಗ ಹಾಕ್ತೀರಿ?

ಎಷ್ಟು ಸಲ ಹೇಳಿದ್ದೆ ನಿಮಗ! ನಾರ್ವೆ ಮ್ಯಾಲಿನ ಆ ಸಮುದ್ರದ ತಳ ಹಿಗ್ಗಿ ತೆಗ್ಗು ಬಿತ್ತು. ತೆಗ್ಗಿನಾಗ ಕರೀ ರಾಡಿ ಕುಂತು, ಮ್ಯಾಲೆ ಮಣ್ಣು ಬಿದ್ದು ಬಿದ್ದು, ಆಳದಾಗ ಕಾದು ಎಣ್ಣಿ ಆತು. ಕಡೀಕ, ಮೊನ್ನೆ ಮೊನ್ನೆ, ಮೂರು ಮಿಲಿಯನ್ ವರ್ಷದ ಈಚೆಗೆ, ತಳ ಮ್ಯಾಲೆದ್ತು. ಹಿಮ ಅದನ್ನ ಕೆರೆದು ಒಗೀತು. ಎಣ್ಣಿ ಮ್ಯಾಲಿನ ಕಲ್ಲಿನ ಮುಚ್ಚಳ ಸೀಳಿ ಎಣ್ಣಿ ಸೋರಿಹೋತು. ರಿಪೋರ್ಟಿನಾಗ ಮೂರರ ಜಾಗಾದಾಗ ಮೂವತ್ತು ಮಿಲಿಯನ್ ಅಂದ್ರ? ತಳ ಎದ್ದಿದ್ದು ಮೊದಲು, ಎಣ್ಣಿ ಬಂದಿದ್ದು ಆಮ್ಯಾಲೆ, ಎಲ್ಲಾ ಹಂಗಽ ಕುಂತೈತಿ ಅಂತಾತು! ಬಾವಿ ಕೊರಿಯೋ ಮಂದಿ ನಗದ ಏನ್ ಮಾಡ್ತಾರ?

ಹ್ಯಾಂಗ ಮೂವತ್ತಾತು ಅಂತ ನನ್ನ ಕೇಳ್ತೀರೇನು? ನನಗೇನ್ರಿ ಗೊತ್ತು! ನಿಮ್ಮ ಸಾಫ್ಟ್‌ವೇರಿನಾಗಽ ಏನರ ಆಗಿರಬೇಕು. ಹೆಸರು ಹಾಕ್ಕೊಳ್ಳಾಕ ಬರ್ತೈತಿ, ಒಮ್ಮೆ ಓದಿ ನೋಡಾಕ ಬರೂದಿಲ್ಲ?

ಏನು… ಕಾಂಟ್ರಾಕ್ಟ್ ಮುಂದುವರಸೂದಿಲ್ಲಂತ? ಅಂದ್ರ ಗ್ರೀನ್ ಕಾರ್ಡೂ ಹೋತು. ಇಬ್ಬರೂ ಗಂಟುಮೂಟಿ ಕಟ್ಟೂದಽ… ಕಟ್ಟೋಣು! ನನಗೇನ್ ಹೆದರಿಕಿ? ಯಾಕ ಹಂಗ ನೋಡಾಕತ್ತೀರಿ? ಬೇಕಾದ್ರ ಬೈರಿ. ಬೈರಿ ಅಂದ್ನಲ್ಲ!

ಅದು… ನನ್ನ ನೋಟ್‌ಬುಕ್. ಅದನ್ಯಾಕ ತಗೊಂಡ್ರಿ? ಅದರಾಗ ಏನೂ ಇಲ್ಲ, ಇಡ್ರಿ. ಆ ಹಾಳಿ ತೆಗೀಬ್ಯಾಡ್ರಿ. ತೆಗೀಬ್ಯಾಡ್ರಿ!

…

ಹೌದು. ಅಲ್ಲೆ ಮೂರಽ ಐತಿ. ಕೆಳಗ ಎರಡು ಗೆರಿ ಬ್ಯಾರೆ ಎಳದೀನಿ.

ಸೊನ್ನಿ ಹಾಕಿದಾಕಿ ನಾನಽ.

ಎಲ್ಲಾ ಬರೋಬ್ಬರಿ ಇದ್ದಾಗ 'ಇದನ್ನ ಯಾರು ಮಾಡಿದ್ರು' ಅಂತ ಒಬ್ಬರೂ ಕೇಳಲಿಲ್ಲಲ್ರಿ, ಹತ್ತು ತಿಂಗಳು! ತಪ್ಪು ಕಂಡ್ರ ಕೇಳ್ತಾರ, ಉತ್ತರ ಗೊತ್ತಿರದ ನೀವು 'ನನ್ನ ಹೆಂಡ್ತಿ ಮಾಡ್ಯಾಳ, ಆಕೀನ್ನ ಕರೀರಿ' ಅಂತೀರಿ ಅಂದ್ಕೊಂಡೆ.

ಮುಂಜಾನಿಂದ ಒಳ್ಳೆ ಸೀರಿ ಉಟ್ಟು ಫೋನಿನ ಬಾಜೂಕ ಕುಂತಿದ್ದೆ.